ನಾಲ್ವರ ತಂಡದಲ್ಲಿ ಮುಂದೆ ಯಾರು?

1987ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ 'ಫೈನಲ್ ಫ್ಯಾಂಟಸಿ' ವಿಡಿಯೋ ಆಟದಲ್ಲಿ ಆರು ಪಾತ್ರವರ್ಗಗಳು: ಯೋಧ, ಕಳ್ಳ, ಮಲ್ಲ ಮತ್ತು ಮೂರು ಬಗೆಯ ಮಾಂತ್ರಿಕರು. ಇವರಿಂದ ನಾಲ್ವರ ತಂಡ ಕಟ್ಟಬೇಕು. ಒಂದೇ ವರ್ಗವನ್ನು ಎಷ್ಟು ಸಲವಾದರೂ ಆರಿಸಬಹುದು. ಹೀಗೆ 126 ತಂಡಗಳು ಸಾಧ್ಯ. ನಿಲ್ಲುವ ಕ್ರಮವನ್ನೂ ಪರಿಗಣಿಸಿದರೆ 6×6×6×6, ಅಂದರೆ 1296.

ಕ್ರಮವೇಕೆ ಮುಖ್ಯ? ನಾಲ್ವರೂ ಬದುಕಿರುವಾಗ ಶತ್ರುವಿನ ಪೆಟ್ಟು ಮೊದಲನೆಯವನಿಗೆ ಬೀಳುವ ಸಂಭವನೀಯತೆ 1/2, ಎರಡನೆಯವನಿಗೆ 1/4, ಉಳಿದಿಬ್ಬರಿಗೆ ತಲಾ 1/8. ಪೆಟ್ಟಿನ ಬಲ 40 ಎಂದುಕೊಳ್ಳಿ. ಯೋಧನ ಕವಚ ಅದರಲ್ಲಿ 30ನ್ನು ತಡೆಯಲಿ, ಮಾಂತ್ರಿಕನ ನಿಲುವಂಗಿ 10ನ್ನು ಮಾತ್ರ. ಯೋಧ ಮೊದಲು, ಮಾಂತ್ರಿಕ ಕೊನೆಗೆ ನಿಂತರೆ, 8 ಪೆಟ್ಟುಗಳಲ್ಲಿ ಇವರಿಬ್ಬರ ಸರಾಸರಿ ಹಾನಿ 4×10 + 1×30 = 70. ಸ್ಥಾನ ಅದಲುಬದಲಾದರೆ 4×30 + 1×10 = 130! ಹಿಂದೆ ನಿಂತ ಮಾತ್ರಕ್ಕೆ ಮಂತ್ರದ ಬಲವೇನೂ ಕುಗ್ಗದು. ತರಗತಿಯಲ್ಲಿ ದಾಳ ಉರುಳಿಸುವುದಕ್ಕಿಂತ ಇದು ಸ್ವಾರಸ್ಯಕರ ಲೆಕ್ಕವೆಂದು ನನ್ನೆಣಿಕೆ. ಎರಡನೆಯ ಸ್ಥಾನಕ್ಕೆ ಇನ್ನೊಬ್ಬ ಯೋಧನೇ ಬೇಕೆ? ನೀವೇ ಲೆಕ್ಕಹಾಕಿ ನೋಡಿ.