ಫೋಟೋದಲ್ಲಿ ಮುಖವಿದೆ, ಹೆಸರೆಲ್ಲಿ? ಹಳೆಯ ಚಿತ್ರಗಳು ಹೇಳುವ ಮಹಿಳಾ ವಿಜ್ಞಾನಿಗಳ ಕಥೆ

2014ರ ಸೆಪ್ಟೆಂಬರ್ 24. ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದ ಸುದ್ದಿಯ ಬೆನ್ನಲ್ಲೇ ಬೆಂಗಳೂರಿನ ಇಸ್ರೋ ಕೇಂದ್ರದಿಂದ ಒಂದು ಫೋಟೋ ಹೊರಬಂತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಮಹಿಳೆಯರು ಒಬ್ಬರನ್ನೊಬ್ಬರು ಅಭಿನಂದಿಸುತ್ತಾ ನಗುತ್ತಿದ್ದ ಆ ಚಿತ್ರ ದೇಶ ವಿದೇಶಗಳಲ್ಲಿ ಹರಿದಾಡಿತು. ನಮ್ಮ ವಿಜ್ಞಾನಿಗಳು ನೋಡಿ ಎಂದು ಜನ ಹೆಮ್ಮೆಯಿಂದ ಹಂಚಿಕೊಂಡರು.

ಆಮೇಲೆ ಇಸ್ರೋ ಸ್ಪಷ್ಟನೆ ನೀಡಿತು. ಚಿತ್ರದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ. ಯೋಜನೆಗಾಗಿ ದುಡಿದ ಮಹಿಳಾ ವಿಜ್ಞಾನಿಗಳೂ ಹಲವರಿದ್ದರು, ಆದರೆ ಲೋಕ ನೋಡಿದ ಆ ಚಿತ್ರದಲ್ಲಿ ಅವರಿರಲಿಲ್ಲ. ರಿತು ಕರಿಧಾಲ್ ಮತ್ತು ನಂದಿನಿ ಹರಿನಾಥ್ ಇಬ್ಬರೂ ಮಂಗಳಯಾನದ ಉಪ ಕಾರ್ಯಾಚರಣೆ ನಿರ್ದೇಶಕಿಯರಾಗಿದ್ದರು. ಅವರ ಹೆಸರು ಹೆಚ್ಚಿನ ಜನರಿಗೆ ಗೊತ್ತಾದದ್ದು ತಡವಾಗಿ.

ಆ ಫೋಟೋದ ಸಂಭ್ರಮ ಸುಳ್ಳಲ್ಲ. ಸಂಸ್ಥೆಯ ಗೆಲುವಿನಲ್ಲಿ ಎಲ್ಲ ಸಿಬ್ಬಂದಿಗೂ ಪಾಲಿದೆ. ಆದರೆ ಚಿತ್ರದ ಕೆಳಗೆ ಹೆಸರು ಮತ್ತು ಕೆಲಸ ಬರೆದಿಲ್ಲದಿದ್ದರೆ ನಾವು ನಮಗೆ ಬೇಕಾದದ್ದನ್ನು ಊಹಿಸಿಕೊಳ್ಳುತ್ತೇವೆ. ಪ್ರತಿವರ್ಷ ಫೆಬ್ರವರಿ 11ರಂದು ವಿಜ್ಞಾನದಲ್ಲಿ ಮಹಿಳೆಯರ ಅಂತಾರಾಷ್ಟ್ರೀಯ ದಿನ ಬಂದಾಗ ಹಳೆಯ ಕಪ್ಪು ಬಿಳುಪು ಚಿತ್ರಗಳು ಮೊಬೈಲ್‌ಗಳಲ್ಲಿ ಓಡಾಡುತ್ತವೆ. ಅವುಗಳಲ್ಲಿ ಕೆಲವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೂವರು ವೈದ್ಯೆಯರು, ಮೂರು ದೇಶಗಳು

1885ರ ಅಕ್ಟೋಬರ್ 10ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ತೆಗೆದ ಚಿತ್ರವಿದು. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಮೂವರು ವಿದ್ಯಾರ್ಥಿನಿಯರು ತಮ್ಮ ತಮ್ಮ ನಾಡಿನ ಉಡುಪಿನಲ್ಲಿ ಕುಳಿತಿದ್ದಾರೆ. ಸೀರೆ ಉಟ್ಟವರು ಮುಂಬೈ ಸಮೀಪದ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ. ಜೊತೆಗಿರುವವರು ಜಪಾನಿನ ಕೇ ಒಕಾಮಿ ಮತ್ತು ಸಿರಿಯಾದ ಸಬಾತ್ ಇಸ್ಲಾಂಬೂಲಿ.

ಈ ಚಿತ್ರದ ಭಾಗ್ಯವೆಂದರೆ, ಅದರ ಕೆಳಗೆ ಮೂವರ ಹೆಸರು, ಊರು ಮತ್ತು ದೇಶವನ್ನು ಯಾರೋ ಬರೆದಿಟ್ಟರು. ಆನಂದಿಬಾಯಿ 1886ರ ಮಾರ್ಚ್‌ನಲ್ಲಿ ಪದವಿ ಪಡೆದು ಊರಿಗೆ ಮರಳಿದರು. ಕ್ಷಯರೋಗದಿಂದ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗಿನ್ನೂ 22 ತುಂಬಿರಲಿಲ್ಲ. ವೈದ್ಯವೃತ್ತಿ ನಡೆಸಲು ಅವರಿಗೆ ಸಮಯವೇ ಸಿಗಲಿಲ್ಲ. ಆದರೂ ಅವರ ಹೆಸರು ಉಳಿಯಿತು. ಬರೆದಿಟ್ಟವರಿದ್ದರು ಎಂಬುದು ಅದಕ್ಕೆ ಒಂದು ಕಾರಣ.

29 ಜನರಲ್ಲಿ ಒಬ್ಬರೇ

ವಿಜ್ಞಾನದ ಅತ್ಯಂತ ಪ್ರಸಿದ್ಧ ಗುಂಪುಚಿತ್ರ ಎಂದರೆ 1927ರ ಬ್ರಸೆಲ್ಸ್‌ನ ಸಾಲ್ವೇ ಸಮ್ಮೇಳನದ್ದು. ಐನ್‌ಸ್ಟೈನ್, ಬೋರ್, ಹೈಸನ್‌ಬರ್ಗ್ ಸೇರಿ 29 ಮಂದಿ. ಮಹಿಳೆ ಒಬ್ಬರೇ, ಮೇರಿ ಕ್ಯೂರಿ. ಅಲ್ಲಿದ್ದವರ ಪೈಕಿ ಎರಡು ನೊಬೆಲ್ ಪಡೆದವರೂ ಅವರೊಬ್ಬರೇ. ಆರು ವರ್ಷದ ನಂತರದ ಸಾಲ್ವೇ ಚಿತ್ರದಲ್ಲಿ ಅವರ ಜೊತೆ ಮಗಳು ಐರೀನ್ ಮತ್ತು ಲಿಸಾ ಮೈಟ್ನರ್ ಇದ್ದಾರೆ. ಒಂದರಿಂದ ಮೂರಕ್ಕೆ ಏರಿದ ಲೆಕ್ಕ. ಈ ಮೂವರಲ್ಲಿ ಮೈಟ್ನರ್‌ಗೆ ಮಾತ್ರ ನೊಬೆಲ್ ಬರಲಿಲ್ಲ. ಪರಮಾಣು ವಿದಳನದ ಸಂಶೋಧನೆಗಾಗಿ 1944ರ ರಸಾಯನಶಾಸ್ತ್ರದ ನೊಬೆಲ್ ಅವರ ಸಹೋದ್ಯೋಗಿ ಓಟ್ಟೊ ಹಾನ್ ಒಬ್ಬರ ಪಾಲಾಯಿತು.

ನಕ್ಷತ್ರ ಎಣಿಸಿದವರು

1913ರ ಮೇ 13ರಂದು ಹಾರ್ವರ್ಡ್ ವೀಕ್ಷಣಾಲಯದ ಕಟ್ಟಡದ ಮುಂದೆ ತೆಗೆದ ಚಿತ್ರದಲ್ಲಿ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಜೊತೆ 13 ಮಹಿಳೆಯರು ಸಾಲಾಗಿ ನಿಂತಿದ್ದಾರೆ. ಆಗ ಇವರನ್ನು ‘ಕಂಪ್ಯೂಟರ್’ ಎಂದೇ ಕರೆಯುತ್ತಿದ್ದರು. ಯಂತ್ರಕ್ಕಿಂತ ಮೊದಲು ಆ ಪದದ ಅರ್ಥ ಲೆಕ್ಕ ಮಾಡುವ ಮನುಷ್ಯರು ಎಂದಿತ್ತು. ರಾತ್ರಿ ಆಕಾಶದ ಚಿತ್ರ ಮೂಡಿದ ಗಾಜಿನ ತಟ್ಟೆಗಳನ್ನು ಹಗಲೆಲ್ಲ ಪರೀಕ್ಷಿಸಿ, ಒಂದೊಂದು ಚುಕ್ಕಿಯ ಸ್ಥಾನ ಮತ್ತು ಹೊಳಪನ್ನು ದಾಖಲಿಸುವುದು ಅವರ ಕೆಲಸ. ಸಾಲಿನಲ್ಲಿರುವ ಆನಿ ಜಂಪ್ ಕ್ಯಾನನ್ ತಮ್ಮ ಜೀವಮಾನದಲ್ಲಿ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ವರ್ಗೀಕರಿಸಿದರು.

ಇದೇ ವೀಕ್ಷಣಾಲಯದಲ್ಲಿ ಗಂಟೆಗೆ 30 ಸೆಂಟ್ ಸಂಬಳಕ್ಕೆ ದುಡಿಯುತ್ತಿದ್ದವರು ಹೆನ್ರಿಯೆಟಾ ಲೀವಿಟ್. ಕೆಲವು ನಕ್ಷತ್ರಗಳ ಬೆಳಕು ನಿಯಮಿತವಾಗಿ ಹೆಚ್ಚಿ ಕಡಿಮೆಯಾಗುತ್ತದೆ. ಈ ಏರಿಳಿತಕ್ಕೆ ಹೆಚ್ಚು ದಿನ ಹಿಡಿದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂದು ಅವರು 25 ನಕ್ಷತ್ರಗಳ ಆಧಾರದಲ್ಲಿ ತೋರಿಸಿದರು. ನಿಜವಾದ ಪ್ರಕಾಶ ಗೊತ್ತಾದರೆ, ಅದು ನಮಗೆಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಲೆಕ್ಕ ಹಾಕಬಹುದು. ಇದೇ ಅಳತೆಗೋಲು ಹಿಡಿದು ಎಡ್ವಿನ್ ಹಬಲ್ ಆಂಡ್ರೊಮಿಡಾ ನಮ್ಮ ಕ್ಷೀರಪಥದ ಆಚೆಗಿನ ಬೇರೊಂದು ಗೆಲಾಕ್ಸಿ ಎಂದು ಸಾಬೀತುಪಡಿಸಿದರು.

1912ರಲ್ಲಿ ಪ್ರಕಟವಾದ ಲೀವಿಟ್ ಅವರ ಆ ವರದಿಗೆ ಸಹಿ ಹಾಕಿದ್ದು ಪಿಕರಿಂಗ್. ಇದನ್ನು ಸಿದ್ಧಪಡಿಸಿದವರು ಮಿಸ್ ಲೀವಿಟ್ ಎಂಬ ಮಾತು ಮೊದಲ ಸಾಲಿನಲ್ಲಿದೆ. ಮುಂದೆ ಸ್ವೀಡನ್ನಿನ ಗಣಿತಜ್ಞರೊಬ್ಬರು ಅವರನ್ನು ನೊಬೆಲ್‌ಗೆ ಸೂಚಿಸಲು ಬಯಸಿದರು. ಆದರೆ ಲೀವಿಟ್ 1921ರಲ್ಲೇ ತೀರಿಕೊಂಡಿದ್ದರು. ಇನ್ನು 1913ರ ಆ ಚಿತ್ರದಲ್ಲಿ ಮುಂದಿನ ಸಾಲಿನ ಒಬ್ಬರು ಯಾರೆಂಬುದಕ್ಕೆ ಈಗಲೂ ಊಹೆಯಷ್ಟೇ ಆಧಾರ.

ಡಾರ್ಜಿಲಿಂಗ್‌ನ ಫೋಟೋ ತಟ್ಟೆಗಳು

ಫೋಟೋ ತಟ್ಟೆಗಳನ್ನೇ ಪ್ರಯೋಗದ ಸಾಧನ ಮಾಡಿಕೊಂಡವರು ನಮ್ಮಲ್ಲೂ ಇದ್ದರು. ಕೋಲ್ಕತ್ತದ ಬಿಭಾ ಚೌಧರಿ, ಡಿ.ಎಂ. ಬೋಸ್ ಅವರೊಂದಿಗೆ ಡಾರ್ಜಿಲಿಂಗ್ ಸುತ್ತಲಿನ ಬೆಟ್ಟಗಳಲ್ಲಿ ಇಂಥ ತಟ್ಟೆಗಳನ್ನು ತಿಂಗಳುಗಟ್ಟಲೆ ಇಟ್ಟು, ಬಾಹ್ಯಾಕಾಶದಿಂದ ಬರುವ ಕಿರಣಗಳ ಜಾಡು ಹಿಡಿದರು. ಮೆಸಾನ್ ಎಂಬ ಕಣಗಳ ಕುರುಹು ಅವರಿಗೆ ಸಿಕ್ಕಿತ್ತು. ಆದರೆ ಯುದ್ಧದ ಕಾಲದಲ್ಲಿ ಹೆಚ್ಚು ಸೂಕ್ಷ್ಮವಾದ ತಟ್ಟೆಗಳು ಭಾರತದಲ್ಲಿ ಸಿಗದೆ ಕೆಲಸ ಅಲ್ಲಿಗೇ ನಿಂತಿತು. ಉತ್ತಮ ತಟ್ಟೆಗಳೊಂದಿಗೆ ಇದೇ ವಿಧಾನ ಬೆಳೆಸಿದ ಬ್ರಿಟನ್ನಿನ ಸೆಸಿಲ್ ಪೊವೆಲ್ 1950ರಲ್ಲಿ ನೊಬೆಲ್ ಪಡೆದರು.

ಬಿಭಾ ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಮೊದಲ ಮಹಿಳಾ ಸಂಶೋಧಕಿಯಾದರು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಲ್ಲೂ ಪಾಲ್ಗೊಂಡರು. 2019ರಲ್ಲಿ ಒಂದು ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಡಲಾಯಿತು. ಅವರು ನಿಧನರಾಗಿ ಅಷ್ಟರಲ್ಲಿ 28 ವರ್ಷ ಕಳೆದಿತ್ತು.

‘ಗುರುತಿಸಲಾಗಿಲ್ಲ’ ಎಂಬ ಒಂದು ಪದ

1971ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ತಿಮಿಂಗಿಲಗಳ ಜೀವಶಾಸ್ತ್ರ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಗುಂಪುಚಿತ್ರದಲ್ಲಿ 38 ಮಂದಿ. ಮಹಿಳೆ ಒಬ್ಬರೇ, ಕಪ್ಪು ವರ್ಣೀಯರು. ಮುಂದೆ ನಿಂತವರಿಂದ ಅವರ ಮುಖ ಅರ್ಧ ಮರೆಯಾಗಿದೆ. ಗಂಡಸರಿಗೆಲ್ಲ ಹೆಸರಿದೆ, ಅವರ ಜಾಗದಲ್ಲಿ ಮಾತ್ರ ‘ಗುರುತಿಸಲಾಗಿಲ್ಲ’ ಎಂದಿದೆ.

2018ರಲ್ಲಿ ಮಕ್ಕಳ ಪುಸ್ತಕಕ್ಕಾಗಿ ಮಾಹಿತಿ ಹುಡುಕುತ್ತಿದ್ದ ಚಿತ್ರ ಕಲಾವಿದೆ ಕ್ಯಾಂಡೇಸ್ ಜೀನ್ ಆಂಡರ್ಸನ್ ಕಣ್ಣಿಗೆ ಇದು ಬಿತ್ತು. ಇವರು ಯಾರು ಎಂದು ಟ್ವಿಟರ್‌ನಲ್ಲಿ ಕೇಳಿದರು. ಸಾವಿರಾರು ಜನ ಹುಡುಕಾಟಕ್ಕೆ ಕೈಜೋಡಿಸಿದರು. ಕೊನೆಗೆ ಉತ್ತರ ಸಿಕ್ಕಿತು: ಶೀಲಾ ಮೈನರ್, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಜೀವಶಾಸ್ತ್ರ ಸಂಶೋಧನಾ ತಂತ್ರಜ್ಞೆ. ಮುಂದೆ ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸರ್ಕಾರಿ ಸೇವೆಯಲ್ಲಿ ಮೇಲಿನ ಹುದ್ದೆಗೇರಿ ನಿವೃತ್ತರಾಗಿದ್ದರು. ಅವರು ಎಲ್ಲೂ ಕಳೆದುಹೋಗಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

ನಾವೇನು ಮಾಡಬಹುದು?

ಇಂಥ ಚಿತ್ರ ಕಂಡಾಗ ಹಂಚಿಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿ. ಇವರು ಯಾರು? ಯಾವಾಗ, ಎಲ್ಲಿ ತೆಗೆದದ್ದು? ಇವರು ಮಾಡಿದ ಕೆಲಸವೇನು? ಉತ್ತರ ಸಿಕ್ಕರೆ ಅದನ್ನೂ ಸೇರಿಸಿ ಕಳಿಸಿ.

ಇನ್ನೊಂದು ಕೆಲಸ ಮನೆಯಲ್ಲೇ ಇದೆ. ಅಮ್ಮನದೋ ಅತ್ತೆಯದೋ ಕಾಲೇಜು ದಿನಗಳ ಗುಂಪುಚಿತ್ರ ಟ್ರಂಕಿನಲ್ಲೋ ಅಲ್ಬಮ್ಮಿನಲ್ಲೋ ಇರಬಹುದು. ಪ್ರಯೋಗಾಲಯದ ಮೇಜಿನ ಪಕ್ಕ ನಿಂತ ನಾಲ್ಕೈದು ಹುಡುಗಿಯರಿರಬಹುದು. ಹೆಸರು ಹೇಳಬಲ್ಲವರು ಎದುರಿಗಿರುವಾಗಲೇ ಕೇಳಿ, ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆದಿಡಿ. ಮುಂದೊಂದು ದಿನ ಆ ಚಿತ್ರ ನೋಡುವವರಿಗೆ ಅವರು ಗುರುತಿಲ್ಲದವರಾಗದಿರಲಿ.