ಮಾಥೇರಾನ್‌ಗೆ ಒಂದು ದಿನದ ವಿಹಾರ: ಲೆಕ್ಕ ಎಲ್ಲಿಂದ ಆರಂಭಿಸಬೇಕು?

ಚಳಿಗಾಲ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿ ಸಭೆಗಳಲ್ಲಿ ವಿಹಾರ ಕೂಟದ ಮಾತು ಬಾರದೆ ಇರುವುದಿಲ್ಲ. ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆಗೆ ಹತ್ತು ಹೆಸರುಗಳು ಬಂದರೂ ಕೊನೆಗೆ ಉಳಿಯುವುದು ಹೆಚ್ಚಾಗಿ ಮಾಥೇರಾನ್. ಕರ್ಜತ್ ಲೋಕಲ್ ಬದ್ಲಾಪುರ ದಾಟಿದ ಮೇಲೆ ಬಲಗಡೆಯ ಕಿಟಕಿಯಲ್ಲಿ ಕಾಣುವ ಬೆಟ್ಟಸಾಲಿನ ಮೇಲಿರುವ ಊರಿದು. ಸುಮಾರು 800 ಮೀಟರ್ ಎತ್ತರ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಆದರೆ ಹತ್ತಿರದ ಬೆಟ್ಟವೂ ನುಣ್ಣಗಿಲ್ಲ ಎಂಬುದನ್ನು ನಾನು ಮೂರು ವರ್ಷಗಳ ಹಿಂದೆ ಕಲಿತೆ.

ಅಂದು ನಮ್ಮ ಸಂಘದಿಂದ 42 ಮಂದಿ ಹೊರಟಿದ್ದೆವು. ವ್ಯವಸ್ಥೆಯ ಹೊಣೆ ನನ್ನದಾಗಿತ್ತು. ಬ್ಯಾಂಕಿನ ಗುಮಾಸ್ತನಾದ ನನಗೆ ತಿಂಡಿ, ಊಟ, ಟ್ಯಾಕ್ಸಿ ಖರ್ಚು ಪೈಸೆ ಪೈಸೆಗೂ ತಾಳೆಯಾಗಬೇಕೆಂಬುದೇ ದೊಡ್ಡ ಚಿಂತೆ. ಆದರೆ ದಸ್ತೂರಿ ನಾಕಾ ತಲುಪುವಾಗ ಗಂಟೆ ಹನ್ನೊಂದಾಗಿತ್ತು. ತಡವಾಗಿ ಹೋದ ನಮಗೆ ಶಟಲ್ ರೈಲಿನ ಟಿಕೆಟ್ ಸಿಗಲಿಲ್ಲ. ಯುವಕರು ನಡೆದೇ ಹೊರಟರು. ನಮ್ಮೊಡನಿದ್ದ ಹಿರಿಯ ಮಾಸ್ತರರೊಬ್ಬರಿಗೆ ಮೊಣಕಾಲು ನೋವು. ಕುದುರೆ ಏರುವ ವಯಸ್ಸಲ್ಲ. ಕೈಗಾಡಿ ಕರೆದರೆ "ಮನುಷ್ಯ ಎಳೆಯುವ ಗಾಡಿಯಲ್ಲಿ ನಾನು ಕೂರುವುದಿಲ್ಲ ಮಾರಾಯ್ರೇ, ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ" ಎಂದರು. ನಾವು ಹೋದೆವು. ಸಂಜೆ ನಾಲ್ಕೂವರೆಗೆ ಮರಳಿದಾಗ ಅದೇ ಜಾಗದಲ್ಲಿ ಕುಳಿತಿದ್ದರು. "ಚಾರ್ಲೆಟ್ ಕೆರೆಯಲ್ಲಿ ನೀರಿದೆಯಾ?" ಎಂದಷ್ಟೇ ಕೇಳಿದರು. ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಆ ಕೆರೆಗೆ ಕರೆತಂದಿದ್ದರಂತೆ. ಆ ದಿನದ ಖರ್ಚಿನ ಲೆಕ್ಕ ಸರಿಯಾಗಿತ್ತು. ವಿಹಾರದ ಲೆಕ್ಕ ಮಾತ್ರ ತಪ್ಪಿತ್ತು.

ವಾಹನವಿಲ್ಲದ ಊರು

ಈ ಬೆಟ್ಟವನ್ನು ಬ್ರಿಟಿಷರಿಗೆ ಪರಿಚಯಿಸಿದವರು ನಮ್ಮ ಥಾಣೆಯ ಅಂದಿನ ಜಿಲ್ಲಾಧಿಕಾರಿ ಹ್ಯೂ ಮ್ಯಾಲೆಟ್, 1850ರಲ್ಲಿ. ಧನಗರರು, ಠಾಕರರು, ಕಾತ್ಕರಿಗಳು ಈ ಕಾಡನ್ನು ಅದಕ್ಕೂ ಮೊದಲೇ ಬಲ್ಲವರು. ನೇರಳ್‌ನಿಂದ ಮೇಲಕ್ಕೆ ಸುಮಾರು 21 ಕಿ.ಮೀ. ಕಿರುರೈಲು ದಾರಿಯನ್ನು ಕಟ್ಟಿಸಿದವರು ಪೀರ್‌ಭಾಯ್ ಮನೆತನದವರು. 16 ಲಕ್ಷ ರೂಪಾಯಿ ವೆಚ್ಚದ ಈ ದಾರಿ 1907ರಲ್ಲಿ ಆರಂಭವಾಯಿತು. 2003ರಲ್ಲಿ ಕೇಂದ್ರ ಸರಕಾರವು ಮಾಥೇರಾನನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಪ್ರವಾಸಿಗರ ವಾಹನಗಳು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು.

ಮಕ್ಕಳು ವಿದೇಶದಲ್ಲಿರುವ ನಮ್ಮ ಕೆಲವು ಸದಸ್ಯರು ಸ್ವಿಟ್ಜರ್‌ಲ್ಯಾಂಡಿನ ಆಲ್ಪ್ಸ್ ಪರ್ವತದ ಜರ್ಮಾಟ್ ಊರನ್ನು ನೋಡಿ ಬಂದು ಬಣ್ಣಿಸುವುದುಂಟು. ಅಲ್ಲಿಯೂ ಹಾಗೆಯೇ, ಐದು ಕಿ.ಮೀ. ಕೆಳಗೆ ಕಾರು ಬಿಟ್ಟು ರೈಲು ಹತ್ತಬೇಕು. ನೇರಳ್ ಸ್ಟೇಷನ್ನಿಗೆ ಹೋದರೆ ಅಂಥದ್ದೇ ಅನುಭವ ನಮಗೆ ಲೋಕಲ್ ಟಿಕೆಟಿನ ದೂರದಲ್ಲಿದೆ. ಆದರೆ ಎರಡೂ ಕಡೆ ಕಷ್ಟ ಇರುವುದು ಆ ಕೊನೆಯ ಕೆಲವು ಕಿಲೋಮೀಟರುಗಳಲ್ಲೇ. ದಸ್ತೂರಿಯಿಂದ ಮಾಥೇರಾನ್ ಪೇಟೆಗೆ ಎರಡೂವರೆ ಮೂರು ಕಿ.ಮೀ. ಕೆಂಪು ಮಣ್ಣಿನ ದಾರಿ. ಯೋಜನೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ದಿನದ ಲೆಕ್ಕ

ಸಾಧ್ಯವಾದರೆ ವಾರದ ದಿನವನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಕರ್ಜತ್ ಕಡೆಗೆ, ಸಂಜೆ ಮುಂಬಯಿ ಕಡೆಗೆ ಹೋಗುವ ನಮಗೆ ಕಚೇರಿಯವರ ನೂಕುನುಗ್ಗಲು ಎದುರುಗಡೆಯ ಗಾಡಿಗಳಲ್ಲಿರುತ್ತದೆ. ಭಾನುವಾರವೇ ಆಗಬೇಕಿದ್ದರೆ ಮೆಗಾಬ್ಲಾಕ್ ಎಲ್ಲಿದೆಯೆಂದು ಮುಂಚಿನ ದಿನವೇ ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು. ವಾಶಿ, ನೆರೂಲ್ ಕಡೆಯವರು ಥಾಣೆಗೆ ಬಂದು ಅಲ್ಲಿಂದ ಕರ್ಜತ್ ಲೋಕಲ್ ಹಿಡಿಯಬಹುದು. ಡೊಂಬಿವಲಿ, ಕಲ್ಯಾಣ್‌ನವರು ಅದೇ ಗಾಡಿಯಲ್ಲಿ ಸೇರಿಕೊಳ್ಳಬಹುದು.

ನೇರಳ್‌ನಲ್ಲಿ ಎಂಟು ಗಂಟೆಗೆ ಇಳಿಯುವಂತಿರಲಿ. ಅಲ್ಲಿಂದಲೇ ಕಿರುರೈಲು ಏರುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಬೇಕು, ಮಳೆಗಾಲದಲ್ಲಿ ಆ ಭಾಗದ ಓಡಾಟವೂ ಇರುವುದಿಲ್ಲ. ದೊಡ್ಡ ಗುಂಪಿಗೆ, ಅದೂ ಒಂದೇ ದಿನದ ವಿಹಾರಕ್ಕೆ, ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿಗೆ ಹೋಗಿ, ಹತ್ತಿರದ ಅಮನ್ ಲಾಡ್ಜ್ ಸ್ಟೇಷನ್ನಿನಿಂದ ಶಟಲ್ ಹಿಡಿಯುವುದೇ ಲೇಸು. ಟಿಕೆಟಿನ ಸಾಲಿನಲ್ಲಿ ನಿಲ್ಲಲು ಯುವ ವಿಭಾಗದ ಇಬ್ಬರನ್ನು ಮೊದಲ ಟ್ಯಾಕ್ಸಿಯಲ್ಲೇ ಕಳುಹಿಸಬೇಕು. ಹಿರಿಯರಿಗೆ ಮೊದಲು ಟಿಕೆಟ್, ನಡೆಯಬಲ್ಲವರಿಗೆ ಆಮೇಲೆ.

ಕೈಗಾಡಿಯ ವಿಷಯದಲ್ಲಿ ಮಾಸ್ತರರ ಮಾತೇ ಕೊನೆಗೆ ಗೆದ್ದಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಮಾಥೇರಾನ್‌ನಲ್ಲಿ ಮನುಷ್ಯರು ಎಳೆಯುವ ರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾದ ದಾರಿ ಮಾಡಿಕೊಡಬೇಕೆಂದು ಆದೇಶಿಸಿತು. ಇ-ರಿಕ್ಷಾದ ಪ್ರಯೋಗ 2022ರ ಡಿಸೆಂಬರ್‌ನಲ್ಲೇ ಆರಂಭವಾಗಿತ್ತು. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಯವರೆಗೆ ಓಡುತ್ತದೆ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ಮೇಲೆ ಹೋದ ಮೇಲೆ ಎಲ್ಲಾ ಪಾಯಿಂಟುಗಳನ್ನೂ ನೋಡುತ್ತೇವೆಂದು ಹೊರಟರೆ ಒಂದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಚಾರ್ಲೆಟ್ ಕೆರೆ, ಪಕ್ಕದ ಪಿಸರ್‌ನಾಥ ದೇವಸ್ಥಾನ, ಎಕೋ ಪಾಯಿಂಟ್ ಇಷ್ಟು ಎಲ್ಲರಿಗೂ ಸಾಕು. ಕಾಲಲ್ಲಿ ಬಲವಿದ್ದವರು ಲೂಯಿಸಾ ಪಾಯಿಂಟ್‌ವರೆಗೆ ಹೋಗಿಬರಲಿ. ಊಟ ಒಂದು ಗಂಟೆಗೆ, ಹಿಂತಿರುಗುವುದು ಮೂರೂವರೆಗೆ. ಸೂರ್ಯಾಸ್ತದ ಆಸೆಯನ್ನು ಬಿಡಲೇಬೇಕು. ಅದಕ್ಕೆ ಕಾದರೆ ಹಿರಿಯರು ಕತ್ತಲಲ್ಲಿ ದಸ್ತೂರಿಗೆ ನಡೆಯಬೇಕಾಗುತ್ತದೆ. ತಿಂಡಿಯ ಚೀಲಗಳನ್ನು ಕೈಯಲ್ಲಿ ನೇತಾಡಿಸಿಕೊಂಡು ಹೋದರೆ ಕೋತಿಗಳು ಬಿಡುವುದಿಲ್ಲ, ಬೆನ್ನ ಚೀಲದೊಳಗಿರಲಿ. ಚಿಕ್ಕಿ ತನ್ನಿ, ಕಸವನ್ನೂ ಮರಳಿ ತನ್ನಿ.

ಈ ಬಾರಿ ಹೆಸರು ಬರೆಯುವ ಪುಸ್ತಕದಲ್ಲಿ ಮೊದಲ ಸಾಲಿನಲ್ಲಿ ಮಾಸ್ತರರ ಹೆಸರು ಬರೆದು, ಅವರ ಮನೆಗೆ ಹೋಗಿ ತಿಳಿಸಿ ಬಂದೆ. "ನೋಡುವ, ಮೊಣಕಾಲು ಏನು ಹೇಳುತ್ತದೋ" ಎಂದರು. ಬರುವುದಿಲ್ಲ ಎನ್ನಲಿಲ್ಲ. ಪ್ರತಿಯೊಂದು ಸಂಘದಲ್ಲೂ ಇಂಥ ಒಬ್ಬರು ಇರುತ್ತಾರೆ. ಸದಸ್ಯ ಬಾಂಧವರು ವಿಹಾರದ ಲೆಕ್ಕವನ್ನು ಅವರ ಹೆಜ್ಜೆಯಿಂದಲೇ ಆರಂಭಿಸಬೇಕೆಂದು ನನ್ನ ವಿನಂತಿ.