ಮಗುವಿನ ಗಂಟಲು ಒಡೆದಿದೆಯೇ? ಊರಿಗೆ ಬರುವವರೆಗೆ ಕಾಯಬೇಡಿ

ಪರ್ತ್: ಭಾನುವಾರದ ವಿಡಿಯೊ ಕರೆಯಲ್ಲಿ ಇದನ್ನು ಮೊದಲು ಗುರುತಿಸುವವರು ಊರಲ್ಲಿರುವ ಅಜ್ಜಿಯರು. ‘ಯಾಕೋ ಪುಟ್ಟಾ, ಗಂಟಲು ಇನ್ನೂ ಸರಿಹೋಗಿಲ್ವಾ?’ ಎನ್ನುತ್ತಾರೆ. ದಿನವೂ ಅದೇ ಧ್ವನಿ ಕೇಳಿ ಒಗ್ಗಿಹೋದ ನಾವು, ‘ಸ್ಕೂಲಲ್ಲಿ ಕಿರುಚಾಡ್ತಾನಮ್ಮ, ಅಷ್ಟೇ’ ಎಂದು ಮಾತು ತೇಲಿಸುತ್ತೇವೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನ ನಮ್ಮಂಥ ಮನೆಗಳಲ್ಲಿ ಇದು ಹೊಸ ಮಾತಲ್ಲ.

ಬಹುಪಾಲು ನಮ್ಮ ಉತ್ತರ ಸರಿಯೇ ಇರುತ್ತದೆ. ಶಾಲಾ ಮಕ್ಕಳ ಧ್ವನಿ ಒಡೆಯಲು ಸಾಮಾನ್ಯ ಕಾರಣ, ಕೂಗಾಟದಿಂದ ಧ್ವನಿತಂತುಗಳ ಮೇಲೆ ಏಳುವ ಸಣ್ಣ ಗಂಟುಗಳು. ಗಂಡುಮಕ್ಕಳಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಧ್ವನಿ ಬಳಸುವ ರೀತಿ ತಿದ್ದಿದರೆ ಸಾಮಾನ್ಯವಾಗಿ ಇಳಿಯುತ್ತವೆ.

ಆದರೆ ಒಡಕು ಧ್ವನಿಯೆಲ್ಲ ಕೂಗಾಟದ್ದಲ್ಲ. ಎಚ್‌ಪಿವಿ ವೈರಸ್‌ನಿಂದ ಗಂಟಲಲ್ಲಿ ನರುಳ್ಳೆಯಂಥ ಗಡ್ಡೆ ಬೆಳೆದು ಉಸಿರಿನ ದಾರಿಯನ್ನೇ ಕಟ್ಟುವ ಕಾಯಿಲೆಯ ಮೊದಲ ಲಕ್ಷಣವೂ ಇದೇ. ಆಸ್ಟ್ರೇಲಿಯಾದಲ್ಲಿ 2007ರಿಂದ ಹೆಣ್ಣುಮಕ್ಕಳಿಗೆ, 2013ರಿಂದ ಗಂಡುಮಕ್ಕಳಿಗೂ ಲಸಿಕೆ ಕೊಡುತ್ತಿರುವುದರಿಂದ ಇದು ಈಗ ತೀರಾ ವಿರಳ: ಮಕ್ಕಳಲ್ಲಿ ಹೊಸದಾಗಿ ವರದಿಯಾದ ಪ್ರಕರಣಗಳು ದೇಶದಾದ್ಯಂತ 2012ರಲ್ಲಿ 7 ಇದ್ದರೆ, 2016ರಲ್ಲಿ ಒಂದೇ ಒಂದು. ತಾಯಿ ಲಸಿಕೆ ಪಡೆಯದೆ ಹೊರದೇಶದಿಂದ ಬಂದಿದ್ದರೆ ಈ ನೆಮ್ಮದಿ ಪೂರ್ತಿ ನಮ್ಮದಲ್ಲ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಿಷಯದಲ್ಲಿ ಪರ್ತ್‌ನಲ್ಲೇ ಅಧ್ಯಯನ ನಡೆದಿದೆ. 32 ವಾರಕ್ಕೂ ಮುಂಚೆ ಹುಟ್ಟಿದ ಹಲವು ಮಕ್ಕಳಲ್ಲಿ ಶಾಲಾ ವಯಸ್ಸಿನಲ್ಲೂ ಧ್ವನಿದೋಷ ಕಂಡುಬಂತು. ಉಸಿರಾಟಕ್ಕೆ ಹೆಚ್ಚು ಸಲ ಟ್ಯೂಬ್ ಹಾಕಿಸಿಕೊಂಡವರಲ್ಲಿ ಸಾಧ್ಯತೆ ಹೆಚ್ಚು. ಮಗು ಎನ್‌ಐಸಿಯುನಲ್ಲಿ ಇದ್ದದ್ದನ್ನು ಬೆಂಗಳೂರಿನ ಹಳೇ ಫೈಲಿನಲ್ಲೇ ಬಿಟ್ಟು ಬಂದವರು, ದಯವಿಟ್ಟು ಇಲ್ಲಿನ ಜಿಪಿಗೆ ಹೇಳಿ.

ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಕಿವಿ ಪರೀಕ್ಷೆಯ ವ್ಯವಸ್ಥೆ ಇದೆ. ಧ್ವನಿಗೆ ಅಂಥದ್ದಿಲ್ಲ. ಮನೆಯವರೇ ಹೇಳಬೇಕು. ನೆಗಡಿ ಹೋದ ಮೇಲೂ ಮೂರು–ನಾಲ್ಕು ವಾರ ಧ್ವನಿ ಒಡೆದೇ ಇದ್ದರೆ ಜಿಪಿ ಬಳಿ ಹೋಗಿ. ಅವರು ಇಎನ್‌ಟಿ ತಜ್ಞರಿಗೆ ಬರೆದುಕೊಡುತ್ತಾರೆ. ತಜ್ಞರು ಮೂಗಿನ ಮೂಲಕ ಎಳೆಯಂಥ ಕ್ಯಾಮೆರಾ ಇಳಿಸಿ ಧ್ವನಿತಂತು ನೋಡುತ್ತಾರೆ. ಸ್ಪೀಚ್ ಪೆಥಾಲಜಿಸ್ಟ್ ಮಗುವಿನಿಂದ ‘ಆ’ ಎಂದು ಎಳೆಸಿ ಕೇಳುತ್ತಾರೆ, ತಾಯ್ತಂದೆಯರಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ. ಉಸಿರೆಳೆದಾಗ ಸದ್ದು ಬಂದರೆ, ಉಸಿರಾಟಕ್ಕೆ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ತುರ್ತು ವಿಭಾಗಕ್ಕೆ. ಪರ್ತ್‌ನಲ್ಲಿ ಪರ್ತ್ ಚಿಲ್ಡ್ರನ್ಸ್, ದಕ್ಷಿಣ ಬ್ರಿಸ್ಬೇನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಚಿಲ್ಡ್ರನ್ಸ್, ಉತ್ತರ ಅಡಿಲೇಡ್‌ನಲ್ಲಿ ವಿಮೆನ್ಸ್ ಅಂಡ್ ಚಿಲ್ಡ್ರನ್ಸ್ ಆಸ್ಪತ್ರೆಗಳಿವೆ.

ತೊಡಕು ಖರ್ಚಿನದು. ಪಿಆರ್ ಇದ್ದವರಿಗೆ ಮೆಡಿಕೇರ್ ಇದೆ. ದೀರ್ಘಕಾಲದ ತೊಂದರೆ ಎಂದು ಜಿಪಿ ಯೋಜನೆ ಬರೆದರೆ ವರ್ಷಕ್ಕೆ 5 ಭೇಟಿಗಳವರೆಗೆ ಹಣದ ಒಂದು ಭಾಗ ಮರಳುತ್ತದೆ. 482 ವೀಸಾದಲ್ಲಿರುವ ನಮ್ಮವರಿಗೆ ಸಾಮಾನ್ಯವಾಗಿ ಖಾಸಗಿ ವಿಮೆಯೇ ಗತಿ. ಹೀಗಾಗಿ ‘ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮೈಸೂರಲ್ಲಿ ತೋರಿಸೋಣ’ ಎಂಬ ಲೆಕ್ಕಾಚಾರ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ, ಅಲ್ಲಿ ತೋರಿಸುವುದು ಒಳ್ಳೆಯದೇ. ಆದರೆ ಮಾರ್ಚ್‌ನಲ್ಲಿ ಒಡೆದ ಗಂಟಲಿಗೆ ಡಿಸೆಂಬರ್ ತೀರಾ ದೂರ. ಮೊದಲ ಪರೀಕ್ಷೆ ಇಲ್ಲೇ ಆಗಲಿ. ಆ ವರದಿ ಹಿಡಿದು ಮೈಸೂರಿಗೆ ಹೋಗಿ.

ಊರಲ್ಲಿರುವ ಹಿರಿಯರಲ್ಲಿ ಒಂದು ಕೋರಿಕೆ. ಮೊಮ್ಮಗುವಿನ ಧ್ವನಿ ಬದಲಾಗಿದೆ ಅನಿಸಿದರೆ, ನಾವು ಮಾತು ತೇಲಿಸಿದರೂ ಮುಂದಿನ ಭಾನುವಾರ ಮತ್ತೆ ಕೇಳಿ.